ಪದ್ಮಿನಿಯ ಬಂಪರ್ ಗುಜರಿಗೆ ಹಾಕುವ ಮೊದಲು

ನಮಸ್ಕಾರ ಸರ್. ಕುಂದಾಪುರದಿಂದ ನೀವು ಹಾಕಿದ ಫೋಟೋಗಳನ್ನೆಲ್ಲ ದೊಡ್ಡದು ಮಾಡಿ ನೋಡಿದೆ. 1976ರ ಪ್ರೀಮಿಯರ್ ಪದ್ಮಿನಿ ಕಾರು, ಮುಂದಿನ ಬಂಪರಿನ ಎಡತುದಿ ಗೇಟಿನ ಕಂಬಕ್ಕೆ ತಾಗಿ ಒಳಕ್ಕೆ ಹೋಗಿದೆ, ನಡುವೆ ಕ್ರೋಮ್ (ಮೇಲಿನ ಹೊಳೆಯುವ ಲೇಪ) ಗುಳ್ಳೆ ಎದ್ದಿದೆ. ಗ್ಯಾರೇಜಿನವರು ಇದನ್ನು ಗುಜರಿಗೆ ಹಾಕಿ ಹೊಸದು ತರಿಸೋಣ ಅಂದಿದ್ದಾರೆ. ದಯವಿಟ್ಟು ಈಗಲೇ ಒಪ್ಪಬೇಡಿ. ನಿಮ್ಮ ಫೋಟೋಗಳೆಲ್ಲ ಮುಂಭಾಗದವು, ತೀರ್ಮಾನ ಆಗಬೇಕಾದದ್ದು ಹಿಂಬದಿ ನೋಡಿದ ಮೇಲೆ.

ಬಂಪರ್ ಬಿಚ್ಚುವ ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೋಲ್ಟು ತಾನೂ ತಿರುಗುತ್ತಿದ್ದರೆ ಮುಂದಿನಿಂದ ಸುತ್ತಿಗೆ ಹಾಕದೆ, ಹಿಂದಿನಿಂದ ನಟ್ಟನ್ನೇ ಕತ್ತರಿಸಿ ತೆಗೆಸಿ. ಯಾವ ಕಡೆ ಎಷ್ಟು ವಾಷರ್ ಇತ್ತು ಅಂತ ಬಿಚ್ಚುವಾಗಲೇ ಫೋಟೋ ತೆಗೆದುಕೊಳ್ಳಿ. ಆಮೇಲೆ ಬಂಪರನ್ನು ಮಗುಚಿ ಹಾಕಿ ತಂತಿ ಬ್ರಷ್‌ನಿಂದ ಉಜ್ಜಿ. ಕೆಸರು ಕೂರುವುದು ಕೆಳ ಅಂಚಿನ ಮಡಿಕೆಯಲ್ಲಿ ಮತ್ತು ಬೋಲ್ಟ್ ತೂತುಗಳ ಸುತ್ತ. ಅಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಗಟ್ಟಿಯಾಗಿ ಒತ್ತಿ ನೋಡಿ. ಠಣ್ ಎಂದು ತಡೆದರೆ ಬಂಪರ್ ಉಳಿಯುತ್ತದೆ. ಪದರ ಪದರವಾಗಿ ಉದುರಿದರೂ ಅದು ಒಂದೆರಡು ಕಡೆ ಮಾತ್ರ ಆಗಿದ್ದರೆ, ಆ ಭಾಗ ಕತ್ತರಿಸಿ ಅದೇ ದಪ್ಪದ ತಗಡು ಬೆಸೆಯಬಹುದು. ಕೆಳ ಅಂಚು ಉದ್ದಕ್ಕೂ ಜರಡಿಯಂತಾಗಿದ್ದರೆ ಮಾತ್ರ ಬೇರೆ ಹುಡುಕಿ.

ಆಗಲೂ ನನ್ನ ಮೊದಲ ಆಯ್ಕೆ ಹಳೆಯ ಅಸಲಿ ಬಂಪರೇ. ಡೂಪ್ಲಿಕೇಟ್ ಬಂಪರ್‌ಗಳಲ್ಲಿ ನನ್ನ ಕೈಗೆ ಬಂದವೆಲ್ಲ ತೆಳು ತಗಡಿನವು, ತುದಿಯ ತಿರುವು ಫೆಂಡರಿಗೆ (ಚಕ್ರದ ಮೇಲಿನ ತಗಡಿಗೆ) ಸರಿಯಾಗಿ ಕೂರುವುದಿಲ್ಲ. ಮೇಲಿನ ಲೇಪವೂ ತೆಳು, ನಿಮ್ಮ ಕಡಲ ಗಾಳಿಗೆ ಬೇಗ ಕಂದು ಚುಕ್ಕೆ ಬರುತ್ತದೆ. ಮುಂಬೈಯಲ್ಲಿ 2023ರ ಅಕ್ಟೋಬರ್‌ವರೆಗೂ ಪದ್ಮಿನಿ ಟ್ಯಾಕ್ಸಿ ಓಡಿದ್ದರಿಂದ ಕುರ್ಲಾದ ಗುಜರಿಯಲ್ಲಿ ವಿಚಾರಿಸಿ, ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆ ಕಡೆ ಕೇಳಿ. ಕಪ್ಪು ಬಣ್ಣ ಬಳಿದಿದ್ದರೂ ಪರವಾಗಿಲ್ಲ, ಡೊಂಕಾಗಿದ್ದರೂ ಪರವಾಗಿಲ್ಲ, ತುಕ್ಕು ತಿಂದದ್ದು ಮಾತ್ರ ಬೇಡ. ಡೊಂಕನ್ನು ನೆಟ್ಟಗೆ ಮಾಡಬಹುದು, ಹೋದ ಉಕ್ಕು ಮರಳಿ ಬರುವುದಿಲ್ಲ. ಹೋಗುವಾಗ ನಿಮ್ಮ ಬಂಪರಿನ ಬೋಲ್ಟ್ ತೂತುಗಳ ಅಳತೆಯನ್ನು ರಟ್ಟಿನ ಮೇಲೆ ಗುರುತು ಮಾಡಿ ಒಯ್ಯಿರಿ.

ಫೋಟೋ ನೋಡಿದರೆ ನಿಮ್ಮದು ಉಳಿಯುವ ಬಂಪರ್ ಅಂತಲೇ ನನಗನ್ನಿಸುತ್ತದೆ. ಹಾಗಿದ್ದರೆ ಕೆಲಸದ ಕ್ರಮ ಬಹಳ ಮುಖ್ಯ. ಟಿಂಕರಿಂಗ್‌ಗೆ (ಡೊಂಕು ನೆಟ್ಟಗೆ ಮಾಡುವ ಕೆಲಸಕ್ಕೆ) ಕೊಡುವ ಮೊದಲೇ ಹಳೆಯ ಲೇಪ ತೆಗೆಸಿ. ಕ್ರೋಮ್ ಇದ್ದಂತೆಯೇ ಸುತ್ತಿಗೆ ಏಟು ಬಿದ್ದರೆ ಲೇಪ ಒಡೆದು ಚಕ್ಕೆ ಏಳುತ್ತದೆ. ಅದರ ಮೇಲೆಯೇ ಗ್ಯಾಸ್ ಬೆಂಕಿ ಹಿಡಿದರೆ ಆ ಹೊಗೆ ಕೆಲಸಗಾರನ ಎದೆಗೆ ಹೋಗುತ್ತದೆ. ಗ್ರೈಂಡರ್ ಹಿಡಿದು ಲೇಪ ಉಜ್ಜುವವರಿಗೂ ಕೊಡಬೇಡಿ, ಒಳ್ಳೆಯ ಉಕ್ಕೂ ಜೊತೆಗೆ ಸವೆಯುತ್ತದೆ. ಲೋಹದ ಲೇಪ ಹಾಕುವ ಪ್ಲೇಟಿಂಗ್ ಅಂಗಡಿಯಲ್ಲಿ ಕ್ರೋಮನ್ನು ಆಸಿಡ್‌ನಲ್ಲಿ ಕರಗಿಸಿ, ಅದರ ಕೆಳಗಿನ ನಿಕಲ್ಲನ್ನು ಕರೆಂಟ್ ತಿರುಗಿಸಿ ಕೊಟ್ಟು ತೆಗೆಯುತ್ತಾರೆ. ಇದನ್ನು ಮನೆಯಲ್ಲಿ ಪ್ರಯತ್ನಿಸುವುದು ಬೇಡವೇ ಬೇಡ.

ಬಂಪರಿನ ಮೇಲೆ ನೆಟ್ಟಗೆ ನಿಂತಿರುವ ಕೊಂಬುಗಳನ್ನು ಬೇರೆ ಬಿಚ್ಚಿ ಕೊಡಿ. ಜೊತೆಗೆ ಹಿಡಿಕೆ, ಮೊನೋಗ್ರಾಂ ಏನಾದರೂ ಕೊಡುವುದಿದ್ದರೆ ಮ್ಯಾಗ್ನೆಟ್ ಹಿಡಿದು ನೋಡಿ. ಅಂಟದಿದ್ದರೆ ಅದು ಸತುವಿನ ಎರಕ ಆಗಿರಬಹುದು, ಉಕ್ಕಿನ ಜೊತೆ ಆಸಿಡ್ಡಿಗೆ ಇಳಿಸಿದರೆ ತಿಂದುಹೋಗುತ್ತದೆ. ಅಂಗಡಿಯವರಿಗೆ ಮೊದಲೇ ಹೇಳಿ.

ಲೇಪ ಹೋದ ಮೇಲೆ ಟಿಂಕರ್ ಹಿಂದಿನಿಂದ ಡಾಲಿ (ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ) ಕೊಟ್ಟು ಮೆಲ್ಲಗೆ ಎಬ್ಬಿಸಲಿ. ಒಂದು ಮಾತು ಖಡಾಖಂಡಿತವಾಗಿ ಹೇಳಿಬಿಡಿ: ಪುಟ್ಟಿ ಹಾಕಬಾರದು. ಪುಟ್ಟಿಗೆ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಅಲ್ಲಿ ಲೇಪ ಕೂರುವುದೇ ಇಲ್ಲ. ಆಳದ ಗುಂಡಿಗಳನ್ನು ಬೆಸುಗೆಯಿಂದ ತುಂಬಿಸಬೇಕು. ಸಣ್ಣ ಗುಂಡಿಗಳಿಗೆ ತಾಮ್ರದ ಲೇಪ ಸಾಕು: ತಾಮ್ರ ಹಾಕುವುದು, ಬಫಿಂಗ್ ಮಾಡುವುದು (ಉಜ್ಜಿ ನಯ ಮಾಡುವುದು), ಮತ್ತೆ ತಾಮ್ರ, ಮತ್ತೆ ಬಫಿಂಗ್, ಗುಂಡಿ ಮಾಯವಾಗುವ ತನಕ. ಮುಂದಿನ ಲೇಪಕ್ಕೆ ಹೋಗುವ ಮೊದಲು ಬಂಪರನ್ನು ಕಾರಿಗೆ ಒಮ್ಮೆ ಕೂರಿಸಿ, ಎರಡೂ ಕಡೆ ಫೆಂಡರಿನ ಸಂದು ಒಂದೇ ಇದೆಯೇ ನೋಡಿಕೊಳ್ಳಿ. ಹೊಳಪು ಬಂದ ಮೇಲೆ ಬಗ್ಗಿಸಲು ಆಗುವುದಿಲ್ಲ.

ತಾಮ್ರದ ಹಂತದಲ್ಲಿ ನೀವೇ ಅಂಗಡಿಗೆ ಹೋಗಿ. ಟ್ಯೂಬ್‌ಲೈಟಿನ ಕೆಳಗೆ ಬಂಪರ್ ಹಿಡಿದು, ಲೈಟಿನ ಪ್ರತಿಬಿಂಬ ಒಂದು ತುದಿಯಿಂದ ಇನ್ನೊಂದಕ್ಕೆ ಸರಿಯುವಂತೆ ನಿಧಾನವಾಗಿ ತಿರುಗಿಸಿ. ಗೆರೆ ಎಲ್ಲಿ ನಡುಗುತ್ತದೋ ಅಲ್ಲಿ ಇನ್ನೂ ತಗ್ಗಿದೆ. ಮುಂದೆ ಕ್ರೋಮ್ ಬಂದು ಅದನ್ನು ಮುಚ್ಚುತ್ತದೆ ಅಂತ ಯಾರು ಹೇಳಿದರೂ ನಂಬಬೇಡಿ. ಕ್ರೋಮಿನ ಪದರ ಅರ್ಧ ಮೈಕ್ರಾನೂ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಾಟುವುದು ಅಪರೂಪ, ಕೆಳಗಿನ ತಗ್ಗನ್ನು ಅದು ಇನ್ನಷ್ಟು ಎದ್ದು ತೋರಿಸುತ್ತದೆ.

ತುಕ್ಕು ತಡೆಯುವುದೂ ಕ್ರೋಮ್ ಅಲ್ಲ, ಅದರ ಕೆಳಗಿನ ನಿಕಲ್. ಕ್ರೋಮ್ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ನಿಕಲ್ ತೆಳುವಾಗಿದ್ದರೆ ನೀರು ನೇರ ಉಕ್ಕಿಗೆ ಇಳಿಯುತ್ತದೆ. ಕುಂದಾಪುರದ ಹವೆಗೆ ನಿಕಲ್ ಕನಿಷ್ಠ 30 ಮೈಕ್ರಾನ್ ಇರಲಿ ಅಂತ ಚೀಟಿಯಲ್ಲೇ ಬರೆಸಿ. ಕೆಲವರು ಬರೀ ನಿಕಲ್ ಹಾಕಿ ಕ್ರೋಮ್ ಅಂತ ಕೊಟ್ಟುಬಿಡುತ್ತಾರೆ. ಪಕ್ಕದಲ್ಲಿ ಕ್ರೋಮ್ ಹಾಕಿದ ಯಾವುದಾದರೂ ಒಳ್ಳೆಯ ನೀರಿನ ನಲ್ಲಿಯನ್ನು ಇಟ್ಟು ಹೋಲಿಸಿ: ಕ್ರೋಮ್ ತುಸು ನೀಲಿ ಛಾಯೆ, ನಿಕಲ್ ತುಸು ಹಳದಿ.

ಅಂಗಡಿ ಹುಡುಕುವಾಗ ತೊಟ್ಟಿಯ ಉದ್ದ ಕೇಳಿ. ಪದ್ಮಿನಿಯ ಅಗಲವೇ ಸುಮಾರು ಒಂದೂವರೆ ಮೀಟರ್, ಬೈಕಿನ ಬಿಡಿಭಾಗ ಮಾಡುವ ಸಣ್ಣ ತೊಟ್ಟಿಯಲ್ಲಿ ಅರ್ಧರ್ಧ ಮುಳುಗಿಸಿದರೆ ನಡುವೆ ಗೆರೆ ಬೀಳುತ್ತದೆ. ಅವರ ಕೊಳೆನೀರು ಎಲ್ಲಿಗೆ ಹೋಗುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದೆಯೇ ಅನ್ನುವುದನ್ನೂ ಕೇಳಿ. ಆ ತೊಟ್ಟಿಯ ಕ್ರೋಮಿಕ್ ಆಸಿಡ್ ಕ್ಯಾನ್ಸರ್ ತರುವಂಥದ್ದು. ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಕೊಳವೆಬಾವಿಗಳ ನೀರಿನಲ್ಲಿ ಕ್ರೋಮಿಯಂ ಸಿಕ್ಕಿರುವುದನ್ನು ಓದಿದ ಮೇಲೆ, ಎರಡು ಕಾಸು ಹೆಚ್ಚಾದರೂ ನೀರು ಶುದ್ಧ ಮಾಡಿ ಬಿಡುವವರಿಗೇ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಂಪರ್ ಮನೆಗೆ ಬಂದ ಕೂಡಲೇ ಹಿಂಬದಿಗೆ ಸತುವಿನ ಪ್ರೈಮರ್, ಅದರ ಮೇಲೆ ಎರಡು ಕೋಟ್ ಬಣ್ಣ ಹೊಡೆಯಿರಿ. ಅಲ್ಲಿ ಲೇಪ ಸರಿಯಾಗಿ ಕೂತಿರುವುದಿಲ್ಲ, ತುಕ್ಕು ಶುರುವಾಗುವುದೂ ಅಲ್ಲಿಂದಲೇ. ಬೋಲ್ಟು ಹೊಸದು ಹಾಕಿ, ಮಧ್ಯೆ ರಬ್ಬರ್ ವಾಷರ್ ಕೊಡಿ. ಎಲ್ಲವನ್ನೂ ಸಡಿಲವಾಗಿ ಹಿಡಿಸಿ, ಸಂದು ಸರಿಹೊಂದಿದ ಮೇಲೆ ಒಂದೊಂದು ಸುತ್ತು ಬಿಗಿಯುತ್ತ ಬನ್ನಿ. ಮಳೆಗಾಲದಲ್ಲಿ ಓಡಿಸಿ ಬಂದ ದಿನ ಸಿಹಿನೀರು ಹಾಯಿಸುವಾಗ ಪೈಪನ್ನು ಬಂಪರಿನ ಹಿಂದಕ್ಕೂ ಹಿಡಿಯಿರಿ.