ಹಾಲು ಹಾಕಿದರೆ ಟೀ ಗುಣ ಹೋಗುತ್ತದೆಯೇ?

ಪ್ರಶ್ನೆ: ಮಗಳು ಗ್ರೀನ್ ಟೀ ಹಿಡಿದಿದ್ದಾಳೆ. ನಮ್ಮ ಹಾಲಿನ ಟೀಯಲ್ಲಿ ಆಂಟಿಆಕ್ಸಿಡೆಂಟ್ ಒಂದು ಚೂರೂ ಇಲ್ಲವಂತೆ. ಹೌದಾ?
*– ಓದುಗರೊಬ್ಬರು, ತುಮಕೂರು*

ಉತ್ತರ: ಅರ್ಧ ಮಾತ್ರ ಸರಿ. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಕಪ್ಪಾಗುತ್ತದೆ ಅಲ್ವಾ? ಚಹಾ ಎಲೆ ಹೊಸಕಿದಾಗ ಆಗುವುದೂ ಅದೇ. ಎಲೆಯೊಳಗೆ ಕ್ಯಾಟೆಚಿನ್ ಎಂಬ ಆಂಟಿಆಕ್ಸಿಡೆಂಟ್ ಒಂದು ಕಡೆ, ಅದರ ಬಣ್ಣ ಬದಲಿಸುವ ಕಿಣ್ವ ಇನ್ನೊಂದು ಕಡೆ ಇರುತ್ತವೆ, ಎಲೆ ಜಜ್ಜಿದ ಕೂಡಲೇ ಎರಡೂ ಸೇರಿ, ಗಾಳಿಯೂ ಸೇರಿ, ಹಸಿರು ಹೋಗಿ ತಾಮ್ರದ ಬಣ್ಣ ಬರುತ್ತದೆ. ಗ್ರೀನ್ ಟೀ ಮಾಡುವವರು ಎಲೆಯನ್ನು ಮೊದಲೇ ಹಬೆಯಲ್ಲೋ ಬಾಣಲೆಯಲ್ಲೋ ಬಿಸಿ ಮಾಡಿ ಆ ಕಿಣ್ವವನ್ನು ಕೊಂದುಬಿಡುತ್ತಾರೆ. ಅದಕ್ಕೇ ಅದರಲ್ಲಿ ಕ್ಯಾಟೆಚಿನ್ ಜಾಸ್ತಿ. ನಮ್ಮ ಟೀ ಪುಡಿಯಲ್ಲಿ ಅದರ ಬಹುಪಾಲು ಥಿಯಾಫ್ಲಾವಿನ್, ಥಿಯಾರುಬಿಜಿನ್ ಆಗಿರುತ್ತದೆ. ಅವೂ ಆಂಟಿಆಕ್ಸಿಡೆಂಟ್‌ಗಳೇ! ಹಾಲಿನ ಪ್ರೋಟೀನ್ ಇವುಗಳಿಗೆ ಅಂಟಿಕೊಳ್ಳುತ್ತದೆ, ಒಗರು ಇಳಿಯುವುದು ಹಾಗೆ. ಅಂಟಿಕೊಂಡಿತು ಅಂದರೆ ಮಾಯವಾಯಿತು ಅಂತಲ್ಲ. ನಾನಂತೂ ಹಾಲು ಬಿಟ್ಟಿಲ್ಲ. ಆದರೆ ಊಟದ ಜೊತೆ ಯಾವ ಟೀಯೂ ಬೇಡ ಅಂತ ಮಗಳಿಗೆ ಹೇಳಿ. ಸೊಪ್ಪು, ಕಾಳುಗಳ ಕಬ್ಬಿಣ ಮೈಗೆ ಹತ್ತದ ಹಾಗೆ ಟೀಯ ಈ ಅಂಶಗಳು ಹಿಡಿದುಕೊಳ್ಳುತ್ತವೆ.

ಪ್ರಶ್ನೆ: ಕ್ಯಾಟೆಚಿನ್ ಜಾಸ್ತಿ ಇರುವ ಗಿಡದ ಬೀಜವನ್ನೇ ಎಲ್ಲ ಕಡೆ ಹಾಕಬಾರದೇ?
*– ಓದುಗರೊಬ್ಬರು, ಕೊಪ್ಪ*

ಉತ್ತರ: ರಸಪುರಿ ವಾಟೆ ನೆಟ್ಟು ರಸಪುರಿಯೇ ಬರಲಿ ಅಂತ ಕಾದವರನ್ನು ಕೇಳಿ ನೋಡಿ. ಚಹಾದ ಕಥೆಯೂ ಅದೇ. ಈ ಗಿಡ ತನ್ನದೇ ಪರಾಗದಿಂದ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬೇಕು, ಹಾಗಾಗಿ ಬೀಜದಿಂದ ಬಂದ ಒಂದೊಂದು ಸಸಿಯೂ ಬೇರೆ ಬೇರೆ. ಒಳ್ಳೆ ಗಿಡ ಸಿಕ್ಕರೆ ಅದರ ಕಡ್ಡಿಯನ್ನೇ ತುಂಡರಿಸಿ, ಒಂದೊಂದು ತುಂಡಿಗೆ ಒಂದೊಂದೇ ಎಲೆ ಉಳಿಸಿ, ನರ್ಸರಿಯ ನೆರಳಲ್ಲಿ ಬೇರು ಬಿಡಿಸುತ್ತಾರೆ. ಅಸ್ಸಾಮಿನ ಜೋರ್ಹಾಟ್‌ನಲ್ಲಿರುವ, 1911ರಲ್ಲಿ ಶುರುವಾದ ಟೋಕ್ಲಾಯ್ ಸಂಶೋಧನಾ ಕೇಂದ್ರ ಹೀಗೆ ಆರಿಸಿದ ಟಿವಿ-1 ತಳಿಯನ್ನು 1949ರಲ್ಲಿ ಹೊರತಂದಿತು. ನಮ್ಮ ದಕ್ಷಿಣಕ್ಕೆ ತಮಿಳುನಾಡಿನ ವಾಲ್ಪಾರೈನಲ್ಲಿ ಉಪಾಸಿ (ದಕ್ಷಿಣ ಭಾರತದ ತೋಟ ಮಾಲೀಕರ ಸಂಘ) ಚಹಾ ಸಂಶೋಧನಾ ಕೇಂದ್ರವಿದೆ.

ಗಿಡ ಆರಿಸುವ ಒಂದು ಹಳೇ ಉಪಾಯ ನನಗೆ ತುಂಬಾ ಇಷ್ಟ. ಎಲೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕ್ಲೋರೋಫಾರ್ಮ್ ಆವಿಗೆ ಇಡುತ್ತಾರೆ. ಜೀವಕೋಶದ ಪೊರೆ ಒಡೆದು ಎಲೆ ಕಂದಾಗುತ್ತದೆ. ಬೇಗ ಕಂದಾದರೆ ಬ್ಲ್ಯಾಕ್ ಟೀಗೆ ಒಳ್ಳೆ ಗಿಡ, ಹಸಿರಾಗಿಯೇ ಉಳಿದರೆ ಅಲ್ಲ. ಇಷ್ಟು ಸಾಲದು. ಇಳುವರಿ, ಬರ ತಡೆಯುವ ಶಕ್ತಿ, ಎಲೆ ಮೇಲೆ ಬೊಕ್ಕೆ ಎಬ್ಬಿಸುವ ಬ್ಲಿಸ್ಟರ್ ಬ್ಲೈಟ್ ರೋಗ, ರುಚಿ ಎಲ್ಲಾ ನೋಡಬೇಕು. ಅದಕ್ಕೆ ಎಷ್ಟೋ ವರ್ಷ ಹಿಡಿಯುತ್ತದೆ. ಸುಮ್ನೆ ಕ್ಯಾಟೆಚಿನ್ ಏರಿಸುತ್ತಾ ಹೋದರೆ ಬಾಯಿಗಿಡಲಾಗದ ಕಹಿ, ಒಗರು. ಅಂದಹಾಗೆ ಅತಿ ಒಳ್ಳೆ ತಳಿಯಲ್ಲೂ ಒಂದು ಕುಡಿ, ಎರಡು ಎಲೆ ಕೀಳುವ ಬದಲು ಬಲಿತ ಎಲೆ ಕಿತ್ತರೆ ಲಾಭವಿಲ್ಲ. ಕ್ಯಾಟೆಚಿನ್ ಎಳೆ ಎಲೆಯಲ್ಲೇ ಜಾಸ್ತಿ.

ಪ್ರಶ್ನೆ: ನೇರಳೆ ಬಣ್ಣದ ಚಹಾ ಅಂತ ಕೇಳಿದೆ. ಬಣ್ಣ ಬೆರೆಸ್ತಾರಾ?
*– ಓದುಗರೊಬ್ಬರು, ಬೆಂಗಳೂರು*

ಉತ್ತರ: ಇಲ್ಲ, ಎಲೆಯೇ ಆ ಬಣ್ಣದ್ದು. ಕೀನ್ಯಾದ ಚಹಾ ಸಂಶೋಧಕರು 2011ರಲ್ಲಿ ಬಿಡುಗಡೆ ಮಾಡಿದ ತಳಿ ಅದು, ಹೆಸರು ಟಿಆರ್‌ಎಫ್‌ಕೆ 306/1. ನಮ್ಮ ನೇರಳೆ ಹಣ್ಣಿಗೆ ಬಣ್ಣ ಕೊಡುವ ಆಂಥೋಸಯನಿನ್ ಅದರಲ್ಲೂ ಇದೆ. ಸಿಕ್ಕರೆ ಹಾಲು ಹಾಕದೆ ಕುಡಿಯಿರಿ. ಎರಡು ಹನಿ ನಿಂಬೆರಸ ಹಿಂಡಿ, ಬಣ್ಣ ಗುಲಾಬಿ ಕಡೆಗೆ ತಿರುಗುವುದನ್ನು ನೋಡಬಹುದು.