ಹಳ್ಳಿ ಶಾಲೆಯ ಮಕ್ಕಳಿಗೆ ಅಗ್ಗದ, ಬಾಳಿಕೆ ಬರುವ ಕಂಪ್ಯೂಟರ್ ಹೇಗಿರಬೇಕು?

ಗದಗ ಜಿಲ್ಲೆಯ ರೋಣದ ಕಡೆಯ ಶಾಲೆಯೊಂದರಲ್ಲಿ ಕೆಟ್ಟುನಿಂತ ಕಂಪ್ಯೂಟರನ್ನು ಬಿಚ್ಚಿದಾಗ ಫ್ಯಾನಿನ ರೆಕ್ಕೆಗಳಿಗೆ ಎರೆಮಣ್ಣಿನ ಧೂಳು ದಪ್ಪಗೆ ಮೆತ್ತಿಕೊಂಡಿತ್ತು. ಹಾಗಾಗಿ ನನ್ನ ಮಟ್ಟಿಗೆ ಮೊದಲ ನಿಯಮವೆಂದರೆ ಒಳಗೆ ತಿರುಗುವ ಭಾಗವೇ ಇರಬಾರದು. 2007ರಲ್ಲಿ ತಯಾರಿಕೆ ಆರಂಭವಾದ ‘ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್’ (ಬಡ ದೇಶಗಳ ಮಕ್ಕಳಿಗೆ ಅಗ್ಗದ ಲ್ಯಾಪ್‌ಟಾಪ್ ಒದಗಿಸುವ) ಯೋಜನೆಯ ಲ್ಯಾಪ್‌ಟಾಪ್ ಎಕ್ಸ್‌ಓ-1 ಇದನ್ನೇ ಪಾಲಿಸಿತ್ತು: ಫ್ಯಾನಾಗಲಿ ತಿರುಗುವ ಹಾರ್ಡ್ ಡಿಸ್ಕಾಗಲಿ ಇರದೆ, ಮಾಹಿತಿ ಉಳಿಸಲು 1 ಜಿಬಿ ಫ್ಲ್ಯಾಶ್ ಮೆಮೊರಿಯ ಚಿಪ್ ಇತ್ತು, ಕೀಲಿಮಣೆಗೆ ನೀರು, ಧೂಳು ಇಳಿಯದಂತೆ ರಬ್ಬರಿನ ಹೊದಿಕೆಯಿತ್ತು, ಪರದೆಯ ಹಿಂಬೆಳಕನ್ನು ಆರಿಸಿದರೂ ಬಿಸಿಲಿನಲ್ಲಿ ಅಕ್ಷರಗಳು ಕಪ್ಪು-ಬಿಳುಪಾಗಿ ಕಾಣುತ್ತಿದ್ದವು. ಕರೆಂಟು ಕೈಕೊಡುವ ಊರುಗಳಿಗೆ ಇದು ಸಣ್ಣ ಮಾತಲ್ಲ. ಆದರೆ ಒಂದನ್ನು 100 ಡಾಲರಿಗೆ ಕೊಡುವ ಯೋಜನೆಯ ಗುರಿ ಈಡೇರದೆ ಬೆಲೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಕೊಳ್ಳುವ ಬೆಲೆಯೊಂದನ್ನೇ ಲೆಕ್ಕಕ್ಕೆ ಹಿಡಿಯದೆ, ಬ್ಯಾಟರಿಯೋ ಚಾರ್ಜರಿನ ಪಿನ್ನೋ ಹಾಳಾದಾಗ ಹುಬ್ಬಳ್ಳಿಯ ರಿಪೇರಿ ಅಂಗಡಿಯಲ್ಲಿ ಸಾಮಾನ್ಯ ಸ್ಕ್ರೂಡ್ರೈವರಿನಿಂದಲೇ ಬದಲಿಸಲು ಬರುತ್ತದೆಯೇ ಎಂಬುದನ್ನೂ ವಿನ್ಯಾಸದ ಹಂತದಲ್ಲೇ ನೋಡಬೇಕು.