ಪಿಯಾಜೆ, ವೈಗೋಟ್ಸ್ಕಿ, ಸ್ಕಿನ್ನರ್: ಟಿಇಟಿಗೂ ತರಗತಿಗೂ ಯಾರನ್ನು ನಂಬಲಿ?

ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಗೆ ಓದುವಾಗ, ಮಕ್ಕಳ ಕಲಿಕೆ ಬಗ್ಗೆ ಹೇಳಿದ ಪಿಯಾಜೆ, ವೈಗೋಟ್ಸ್ಕಿ, ಸ್ಕಿನ್ನರ್ ಎಂಬ ಮನೋವಿಜ್ಞಾನಿಗಳು ಮೂವರೂ ಸರಿ ಅನ್ನಿಸುತ್ತಾರೆ, ಯಾರನ್ನು ನಂಬಲಿ ಎಂದು ಕೇಳಿದ್ದೀರಿ. ನಾನು ಅಂಕೋಲಾ ಕಡೆ ನಲಿ-ಕಲಿ (ಚಿಕ್ಕ ಮಕ್ಕಳಿಗೆ ಚಟುವಟಿಕೆಯಿಂದ ಕಲಿಸುವ ಪದ್ಧತಿ) ತರಗತಿ ತೆಗೆದುಕೊಳ್ಳುವವಳು. ನನಗೆ ಕಂಡಷ್ಟು ಹೇಳುತ್ತೇನೆ.

ಸ್ಕಿನ್ನರ್ ವಿಷಯ ಬೇಗ ಮುಗಿಯುತ್ತದೆ. ಯಾವ ನಡವಳಿಕೆಗೆ ಬಹುಮಾನ ಸಿಗುತ್ತದೋ ಅದು ಮತ್ತೆ ಬರುತ್ತದೆ. ಮಗ್ಗಿ ಬಾಯಿಪಾಠಕ್ಕೆ, ಸಾಲಾಗಿ ನಿಲ್ಲಿಸುವುದಕ್ಕೆ ಅಷ್ಟು ಸಾಕು.

ನಿಜವಾದ ಜಗಳ ಉಳಿದಿಬ್ಬರದು. ಇಬ್ಬರೂ ಹುಟ್ಟಿದ್ದು 1896ರಲ್ಲೇ. ಪಿಯಾಜೆ ಪ್ರಕಾರ ಮಗು ಬೆಳೆದ ಮೇಲೆ ಕಲಿಕೆ. ವೈಗೋಟ್ಸ್ಕಿ ಪ್ರಕಾರ ಕಲಿಕೆಯೇ ಬೆಳವಣಿಗೆಯನ್ನು ಮುಂದಕ್ಕೆ ಎಳೆಯುತ್ತದೆ.

ಪಿಯಾಜೆ ಹೇಳಿದ್ದನ್ನು ಮನೆಯಲ್ಲೇ ನೋಡಬಹುದು. ಐದು ವರ್ಷದ ಮಗುವಿನ ಮುಂದೆ ಚಿಪ್ಪಿಗಳನ್ನು ಆರಾರರಂತೆ ಎರಡು ಸಾಲು ಇಡಿ. ಎರಡೂ ಸಮ ಅನ್ನುತ್ತದೆ. ಅದರ ಕಣ್ಣೆದುರೇ ಒಂದು ಸಾಲನ್ನು ಅಗಲ ಮಾಡಿ. ಹೆಚ್ಚಿನ ಮಕ್ಕಳು "ಇದ್ರಲ್ಲಿ ಜಾಸ್ತಿ" ಅನ್ನುತ್ತಾರೆ. ಏಳರ ಆಸುಪಾಸಿನಲ್ಲಿ ಈ ಉತ್ತರ ಬದಲಾಗುತ್ತದೆ. ಆದರೆ 1974ರಲ್ಲಿ ಸಂಶೋಧಕರಾದ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಸಾಲು ಕೆಡಿಸುವ ಕೆಲಸವನ್ನು ಒಂದು ತುಂಟ ಕರಡಿಗೊಂಬೆಯಿಂದ ಮಾಡಿಸಿದರು. ಆಗ ಎಷ್ಟೋ ಚಿಕ್ಕ ಮಕ್ಕಳು ಸಮವೇ ಅಂದರು! ದೊಡ್ಡವರೇ ಸರಿಸಿ, ಮತ್ತದೇ ಪ್ರಶ್ನೆ ಕೇಳಿದರೆ ಬೇರೆ ಉತ್ತರ ಬೇಕೇನೋ ಅಂತ ಮಗುವಿಗೆ ಅನ್ನಿಸುತ್ತದೆ ಅಲ್ವಾ?

ಹಾಗಾಗಿ ನನ್ನ ಒಲವು ವೈಗೋಟ್ಸ್ಕಿ ಕಡೆ. ನಮ್ಮಲ್ಲಿ ಅಮ್ಮನ ಜೊತೆ ಮೀನುಪೇಟೆಯಲ್ಲಿ ಕೂರುವ ಮಕ್ಕಳಿದ್ದಾರೆ. ನೂರಕ್ಕೆ ಎಂಟು ಬಂಗಡೆ ಅಂದರೆ ಮುನ್ನೂರಕ್ಕೆ ಇಪ್ಪತ್ನಾಲ್ಕು ಎಣಿಸಿ, ಕೊಸರಿಗೊಂದು ಹಾಕುತ್ತಾರೆ. ಅದನ್ನೇ 8 × 3 ಎಂದು ಪಾಟಿಯಲ್ಲಿ ಬರೆದರೆ ಕಣ್ಣು ಕಣ್ಣು ಬಿಡುತ್ತಾರೆ. ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳಲ್ಲೂ ಇದೇ ಕಂಡಿತ್ತು; ಆ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ನಾನು ಬಂಗಡೆಯಿಂದಲೇ ಶುರು ಮಾಡಿ ಆಮೇಲೆ ಚಿಹ್ನೆಗೆ ಬರುತ್ತೇನೆ. ವಯಸ್ಸಾಗಲಿ ಅಂತ ಸುಮ್ನೆ ಕಾಯುವುದಿಲ್ಲ. ನಲಿ-ಕಲಿಯ ತಟ್ಟೆಗಳನ್ನೇ, ಅಂದರೆ ಮಕ್ಕಳು ಕೂರುವ ಗುಂಪುಗಳನ್ನೇ, ನೋಡಿ: ಮೊದಲು ಶಿಕ್ಷಕರ ಪೂರ್ಣ ಬೆಂಬಲ, ಆಮೇಲೆ ಸಹಪಾಠಿಗಳದ್ದು, ಕೊನೆಗೆ ಸ್ವಕಲಿಕೆ.

ಪರೀಕ್ಷೆಗೆ ಒಂದು ಮಾತು. ಬೆಳವಣಿಗೆಯ ಹಂತ, ಸಂರಕ್ಷಣೆ (ಸಾಲು ಅಗಲವಾದರೂ ಎಣಿಕೆ ಅಷ್ಟೇ ಎಂಬ ಅರಿವು) ಅಂತ ಕಂಡರೆ ಪಿಯಾಜೆ. ಪುನರ್ಬಲನ (ಬಹುಮಾನದಿಂದ ನಡವಳಿಕೆ ಗಟ್ಟಿ ಮಾಡುವುದು) ಅಂತ ಕಂಡರೆ ಸ್ಕಿನ್ನರ್. ಸ್ಕ್ಯಾಫೋಲ್ಡಿಂಗ್ (ಕಲಿಯುವಾಗ ಆಸರೆ ಕೊಟ್ಟು ಬರಬರುತ್ತಾ ತೆಗೆಯುವುದು) ಅನ್ನು ವೈಗೋಟ್ಸ್ಕಿ ಹೆಸರಿಗೆ ಹಚ್ಚುವುದುಂಟು, ಆದರೆ ಅದರ ಬಗ್ಗೆ ಬರೆದವರು ವುಡ್, ಬ್ರೂನರ್ ಮತ್ತು ರಾಸ್, ಅದೂ 1976ರಲ್ಲಿ. ವೈಗೋಟ್ಸ್ಕಿ 1934ರಲ್ಲೇ ತೀರಿಕೊಂಡಿದ್ದರು. ಆದರೂ ಆಯ್ಕೆಯಲ್ಲಿ ಬ್ರೂನರ್ ಇಲ್ಲದೆ ವೈಗೋಟ್ಸ್ಕಿ ಒಬ್ಬರೇ ಇದ್ದರೆ ವಾದಕ್ಕೆ ಹೋಗಬೇಡಿ, ಅದಕ್ಕೇ ಗುರುತು ಹಾಕಿ.